ಒಂದನೇ ನಂಬರಿನ ವೀಕ್ಷಕರು

ನಮ್ಮ ಚಾನೆಲ್ಲಿನ ಜಾಹೀರಾತು ವಿಭಾಗದ ಮುಖ್ಯಸ್ಥರಿಗೆ ನಾವು ಇಟ್ಟ ಹೆಸರು ‘ಭವಿಷ್ಯ’. ಹೆತ್ತವರು ಇಟ್ಟ ಹೆಸರು ಬೇರೆ ಇದೆ, ಅದು ಸಂಬಳದ ಚೀಟಿಯ ಮೇಲೆ ಮಾತ್ರ ಬಳಕೆಯಲ್ಲಿದೆ. ಬೆಳಗ್ಗೆ ಲಿಫ್ಟಿನಲ್ಲಿ ಸಿಕ್ಕರೆ ಸಾಕು, ಟಿವಿಯ ಭವಿಷ್ಯದ ಬಗ್ಗೆ ಇಪ್ಪತ್ತು ಮಹಡಿ ಏರುವಷ್ಟು ಮಾತಾಡುತ್ತಾರೆ. ಕಚೇರಿ ಇರುವುದು ಎರಡನೇ ಮಹಡಿಯಲ್ಲೇ ಆದ್ದರಿಂದ ಉಳಿದದ್ದನ್ನು ಕಾರಿಡಾರಿನಲ್ಲಿ ಮುಗಿಸುತ್ತಾರೆ.

ಆ ಸೋಮವಾರ ಮಾತ್ರ ಅವರು ಸುತ್ತಿ ಬಳಸಿ ಹೇಳಲಿಲ್ಲ.

“ಏಳೂವರೆ ಧಾರಾವಾಹಿಗೆ ಪ್ರಾಯೋಜಕರು ಸಿಗದಿದ್ರೆ ಮುಂದಿನ ತಿಂಗಳಿಂದ ಈ ವಿಭಾಗವೇ ಇರಲ್ಲ. ಹನ್ನೊಂದು ಜನಾನೂ ಮನೆಗೆ ಹೋಗ್ಬೇಕಾಗುತ್ತೆ.”

ಅವರನ್ನೂ ಸೇರಿಸಿದರೆ ನಾವು ಹನ್ನೆರಡು ಜನ. ಹನ್ನೆರಡನೆಯವರು ಎಲ್ಲಿಗೆ ಹೋಗುತ್ತಾರೆ ಎಂದು ಯಾರೂ ಕೇಳಲಿಲ್ಲ.

ಹದಿನಾಲ್ಕು ವರ್ಷ ಆ ಧಾರಾವಾಹಿಯನ್ನು ಹೊತ್ತು ನಡೆಸಿದ್ದು ಬಟ್ಟೆ ಸೋಪಿನ ಕಂಪನಿ. ಈಗ ಅವರು ನಮ್ಮಿಂದ ಕೈತೊಳೆದುಕೊಂಡು ಫೋನಿನ ಕಡೆ ಹೋಗಿದ್ದರು. ನನಗೆ ವಯಸ್ಸು ಐವತ್ತೆರಡು. ಇಪ್ಪತ್ತೇಳು ವರ್ಷದಿಂದ ನಾನು ಮಾರುತ್ತಿರುವುದು ಹತ್ತು ಹತ್ತು ಸೆಕೆಂಡಿನ ತುಣುಕುಗಳನ್ನು. ಇದು ಬಿಟ್ಟರೆ ನನಗೆ ಬೇರೆ ಕೆಲಸ ಬರುವುದಿಲ್ಲ, ಕಲಿಸುತ್ತೇವೆ ಬನ್ನಿ ಎಂದು ಕರೆಯುವವರೂ ಇಲ್ಲ. ಪಕ್ಕದ ಟೇಬಲ್ಲಿನವಳು ನಾಲ್ಕು ತಿಂಗಳ ಬಸುರಿ. ಭಯವಾಯಿತು ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಆಗ ಬಾಗಿಲು ತಟ್ಟಿದ್ದು ಒಂದೇ ಒಂದು ಗಿರಾಕಿ, ಫೋನಿನಲ್ಲಿ ಧಾರಾವಾಹಿ ತೋರಿಸುವ ಆ್ಯಪ್. ಟಿವಿ ನೋಡಬೇಡಿ ಎಂದು ಅವರು ಜನರಿಗೆ ತಿಳಿಸಬೇಕಿತ್ತು. ತಿಳಿಸಲು ಟಿವಿಗಿಂತ ಒಳ್ಳೆಯ ಜಾಗ ಅವರಿಗೆ ಕಾಣಲಿಲ್ಲ.

ಆ್ಯಪ್‌ನ ಕಡೆಯಿಂದ ಬಂದ ಮೇಡಂಗೆ ನನ್ನ ಅರ್ಧ ವಯಸ್ಸು. “ನಮ್ಮನೇಲಿ ಟಿವಿನೇ ಇಲ್ಲ” ಎಂದರು. ನಮ್ಮ ಮನೆಯಲ್ಲಿ ಇಲಿಗಳ ಕಾಟವಿಲ್ಲ ಎನ್ನುವ ಧಾಟಿಯಲ್ಲಿತ್ತು ಆ ಮಾತು. ಭವಿಷ್ಯ ಸಾಹೇಬರು ಹಲ್ಲು ಗಿಂಜಿದರು. ನಾನು ಚಾರ್ಟು ಬಿಡಿಸಿದೆ.

ಚಾರ್ಟು ಹುಟ್ಟುವ ಬಗೆ ಇಷ್ಟೇ. ಸಮೀಕ್ಷೆಯ ಕಂಪನಿಯೊಂದು ಊರಿನ ಕೆಲವು ಮನೆಗಳ ಟಿವಿಗೆ ಸಣ್ಣ ಡಬ್ಬಿ ಜೋಡಿಸಿರುತ್ತದೆ. ಮನೆಯ ಪ್ರತಿಯೊಬ್ಬರಿಗೂ ಒಂದೊಂದು ನಂಬರು. ಟಿವಿ ಮುಂದೆ ಕೂತಾಗ ನಿಮ್ಮ ನಂಬರಿನ ಬಟನ್ ಒತ್ತಬೇಕು, ಏಳುವಾಗ ಮತ್ತೆ ಒತ್ತಬೇಕು. ಒಬ್ಬರು ಒತ್ತಿದರೆ ಅವರಂಥ ಹತ್ತು ಸಾವಿರ ಮಂದಿ ನೋಡಿದರು ಎಂದು ಲೆಕ್ಕ. ಆ ಮನೆಗಳು ಯಾವುವು ಎಂಬುದು ನಮಗೂ ಗೊತ್ತಿರುವುದಿಲ್ಲ, ಗೊತ್ತಿರಲೂಬಾರದು.

“ನೋಡಿ ಮೇಡಂ, ಅಜ್ಜಿ ಇದ್ದಾರೆ, ಮಗ, ಸೊಸೆ, ಕಾಲೇಜಿಗೆ ಹೋಗೋ ಮೊಮ್ಮಕ್ಕಳು ಎಲ್ಲ ಇದ್ದಾರೆ. ಅದರಲ್ಲೂ ಈ ಗೆರೆ ನೋಡಿ, ಎಪ್ಪತ್ತು ದಾಟಿದ ಗಂಡಸರು. ಏಳು ಇಪ್ಪತ್ತೆಂಟಕ್ಕೇ ಬಂದು ಕೂತಿರ್ತಾರೆ. ಜಾಹೀರಾತು ಬಂದ್ರೂ ಒಬ್ಬರೂ ಏಳಲ್ಲ. ಇಂಥ ನಿಷ್ಠೆ ನಿಮಗೆ ಫೋನಲ್ಲಿ ಸಿಗುತ್ತಾ?”

ಮೇಡಂ ಗೆರೆಯನ್ನು ಬೆರಳಿನಿಂದ ಸವರಿ ನೋಡಿದರು. ಮೂರು ತಿಂಗಳಿಗೆ ಒಪ್ಪಂದವಾಯಿತು. ಈ ಗೆರೆಗಳು ಮೂರು ತಿಂಗಳೂ ಇಳಿಯದಿದ್ದರೆ ಇಡೀ ವರ್ಷಕ್ಕೆ ಮುಂದುವರಿಸುತ್ತೇವೆ, ಇಳಿದರೆ ಇಲ್ಲ ಎಂದರು. ನಮ್ಮ ಹನ್ನೊಂದು ಜನರ ಅನ್ನ ಆ ಗೆರೆಗಳ ಮೇಲೆ ನಿಂತಿತು.

ಆ ವಾರವೇ ಒಂದು ಸಂಜೆ ಸೋದರತ್ತೆಯ ಮನೆಗೆ ಹೋಗಿದ್ದೆ. ಧಾರಾವಾಹಿಯ ಹೊತ್ತಿಗೆ ಅಲ್ಲಿಗೆ ಹೋಗಿ ವರ್ಷಗಳೇ ಆಗಿದ್ದವು. ನನ್ನನ್ನು ಬೆಳೆಸಿದ್ದರಲ್ಲಿ ಅರ್ಧ ಪಾಲು ಅತ್ತೆ ಮತ್ತು ಮಾವನದು. ಮಾವ ಗಡಿಯಾರ ರಿಪೇರಿ ಮಾಡುತ್ತಿದ್ದವರು, ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಮಗ ಸೊಸೆ ಒಂದು ಕೋಣೆಯಲ್ಲಿ, ಮೊಮ್ಮಕ್ಕಳಿಬ್ಬರೂ ಇನ್ನೊಂದರಲ್ಲಿ, ನಾಲ್ವರೂ ಅವರವರ ಫೋನಿನಲ್ಲಿ ಮುಳುಗಿದ್ದರು. ನಾನು ಬಂದದ್ದಕ್ಕೆ ನಾಲ್ಕು ಕತ್ತುಗಳು ಎದ್ದು, ನಕ್ಕು, ಮತ್ತೆ ಬಿದ್ದವು. ಹಾಲಿನಲ್ಲಿ ಉದ್ದ ಸೋಫಾ, ಪಕ್ಕದಲ್ಲಿ ಮಾವನ ಮರದ ಕುರ್ಚಿ.

ಅತ್ತೆ ಕೈ ಒರೆಸಿಕೊಂಡು ಅಡುಗೆಮನೆಯಿಂದ ಬಂದರು. ಟಿವಿ ಹಚ್ಚಿ, ಅದರ ಪಕ್ಕದಲ್ಲಿದ್ದ ಚಿಕ್ಕ ರಿಮೋಟ್ ಎತ್ತಿಕೊಂಡು, ಒಂದು, ಎರಡು, ಮೂರು ಎಂದು ಬಾಯಲ್ಲಿ ಹೇಳುತ್ತಾ ಆರೂ ಬಟನ್ ಒತ್ತಿದರು. ಟಿವಿಯ ಮೇಲಿದ್ದ ಡಬ್ಬಿಯಲ್ಲಿ ಆರು ಹಸಿರು ದೀಪ ಹತ್ತಿಕೊಂಡವು. ಗೋಡೆಯ ಗಡಿಯಾರ ನೋಡಿದೆ. ಏಳು ಇಪ್ಪತ್ತೆಂಟು.

ನಾನು ಎದ್ದು ಡಬ್ಬಿಯ ಹತ್ತಿರ ಹೋದೆ.

“ಏನತ್ತೆ ಇದು?”

“ಸಮೀಕ್ಷೆಯವರು ಇಟ್ಟು ಹೋಗಿದ್ದು. ಯಾರಿಗೂ ಹೇಳ್ಬಾರದಂತೆ. ನೀನು ಹೊರಗಿನವಳಲ್ವಲ್ಲ, ಅದಕ್ಕೇ ಹೇಳ್ತಿದೀನಿ.”

“ಮನೇಲಿ ಟಿವಿ ಕೆಲಸದವರು ಯಾರಾದ್ರೂ ಇದ್ದಾರಾ ಅಂತ ಕೇಳ್ಲಿಲ್ವಾ?”

“ಕೇಳಿದ್ರು. ಇಲ್ಲ ಅಂದೆ. ನೀನಿರೋದು ನಿಮ್ಮನೇಲಿ ತಾನೇ?”

“ಅದಿರಲಿ, ನೋಡ್ತಿರೋದು ನೀವೊಬ್ರು. ಆರೂ ಯಾಕೆ ಒತ್ತಿದ್ರಿ?”

ಅತ್ತೆ ನನ್ನನ್ನು ತೀರಾ ದಡ್ಡಿಯನ್ನು ನೋಡುವ ಹಾಗೆ ನೋಡಿದರು.

“ಮನೆ ತುಂಬ ಜನ ಇಟ್ಕೊಂಡು ನಂದೊಂದೇ ಒತ್ತಿದ್ರೆ ಅವರೇನು ಅಂದ್ಕೋತಾರೆ? ಈ ಮನೇಲಿ ಒಬ್ಬರ ಮುಖ ಒಬ್ಬರು ನೋಡಲ್ಲ, ಮುದುಕೀನ ಮೂಲೆಗೆ ಕೂರಿಸಿದ್ದಾರೆ ಅಂತ ತಿಳ್ಕೊಳ್ಳಲ್ವಾ? ಮನೆ ಮರ್ಯಾದೆ ಅಂತ ಒಂದಿದೆ ಕಣೇ. ಎಲ್ಲರೂ ಒಟ್ಟಿಗೆ ಕೂತು ನೋಡ್ತೀವಿ ಅಂತ ಗೊತ್ತಾಗ್ಲಿ.”

“ಒಂದನೇ ನಂಬರು ಯಾರದು?”

ಅತ್ತೆ ರಿಮೋಟನ್ನು ಟಿವಿಯ ಪಕ್ಕದಲ್ಲಿಟ್ಟರು.

“ನಿಮ್ಮ ಮಾವಂದು. ಡಬ್ಬಿ ಇಟ್ಟಾಗ ಅವರಿದ್ರಲ್ಲ. ಅವರನ್ನ ಬಿಟ್ಟು ಎರಡರಿಂದ ಶುರು ಮಾಡಕ್ಕೆ ನಂಗೆ ಕೈ ಬರಲ್ಲ. ಜಾಹೀರಾತು ಬಂದ್ರೆ ನಾನು ಒಲೆ ನೋಡಕ್ಕೆ ಏಳ್ತಿದ್ದೆ, ಅವರು ಏಳಕ್ಕೇ ಬಿಡ್ತಿರಲಿಲ್ಲ. ಕೂತ್ಕೋ, ಇದು ನಮ್ಮ ಹುಡುಗಿ ಮಾರಿರೋದು ಅನ್ನೋರು.”

ಇಪ್ಪತ್ತೇಳು ವರ್ಷದಲ್ಲಿ ನನ್ನ ಜಾಹೀರಾತನ್ನು ಬೇಕೆಂದೇ ಕೂತು ನೋಡಿದ ಒಬ್ಬರೇ ಒಬ್ಬ ಮನುಷ್ಯ ಅವರು. ನಾನು ಮೇಡಂ ಮುಂದೆ ಬೀಗುತ್ತಾ ತೋರಿಸಿದ ಗೆರೆ ಇದೇ ಕುರ್ಚಿಯಿಂದ ಎದ್ದದ್ದು. ಬದುಕಿದ್ದಾಗ ಒಬ್ಬರಾಗಿದ್ದ ಮಾವ ಸತ್ತ ಮೇಲೂ ಹತ್ತು ಸಾವಿರ ಮಂದಿಯಾಗಿ ದಿನಾ ನಮ್ಮ ಧಾರಾವಾಹಿ ನೋಡುತ್ತಿದ್ದರು.

ನಿಯಮದ ಪ್ರಕಾರ ನಾನು ಮಾರನೆಯ ದಿನವೇ ಸಮೀಕ್ಷೆಯವರಿಗೆ ತಿಳಿಸಬೇಕಿತ್ತು. ತಿಳಿಸಿದರೆ ಡಬ್ಬಿ ಹೋಗುತ್ತದೆ, ಗೆರೆ ಬೀಳುತ್ತದೆ, ನಾವು ಹನ್ನೊಂದು ಮಂದಿಯೂ ಬೀದಿಗೆ ಬೀಳುತ್ತೇವೆ. ನಾನು ಬಾಯಿಗೆ ಬೀಗ ಹಾಕಿಕೊಂಡೆ. ಮನಸ್ಸು ಚುಚ್ಚಿತು, ಆದರೆ ಬೀಗ ತೆಗೆಯುವಷ್ಟೇನೂ ಚುಚ್ಚಲಿಲ್ಲ.

ಆ್ಯಪ್‌ನ ಜಾಹೀರಾತು ಶುರುವಾಯಿತು. ಅರ್ಧ ಗಂಟೆಯಲ್ಲಿ ಆರು ಸಲ. ಅಜ್ಜಿಯೊಬ್ಬಳು ಟಿವಿ ಮುಂದೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿರುತ್ತಾಳೆ. ಮೊಮ್ಮಗಳು ಬಂದು ನಗುತ್ತಾಳೆ. “ಅಜ್ಜೀ, ಇನ್ನೂ ಕಾಯ್ತಾ ಕೂತಿದ್ದೀರಾ? ಕಾಯೋ ಕಾಲ ಹೋಯ್ತು!” ಎಂದು ಅಜ್ಜಿಯ ಕೈಗೆ ಫೋನು ಕೊಡುತ್ತಾಳೆ. ಅಜ್ಜಿಗೆ ತಕ್ಷಣ ಇಪ್ಪತ್ತು ವರ್ಷ ಕಮ್ಮಿಯಾಗುತ್ತದೆ. ಇದನ್ನು ನೋಡಿ ಯಾವ ಅಜ್ಜಿ ಮರುಳಾಗುತ್ತಾಳೆ ಎಂದು ನಾವು ಕ್ಯಾಂಟೀನಿನಲ್ಲಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಗೆರೆಗಳು ಕೂದಲೆಳೆಯಷ್ಟೂ ಇಳಿಯಲಿಲ್ಲ. ಒಪ್ಪಂದದ ಕೊನೆಯ ವಾರ ಅತ್ತೆಗೊಂದು ಧನ್ಯವಾದ ಹೇಳಬೇಕೆನಿಸಿತು. ಕಾರಣ ಹೇಳುವಂತಿರಲಿಲ್ಲ, ಆದ್ದರಿಂದ ಹಣ್ಣು ಕೊಂಡು ಹೋದೆ.

ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಒಳಗೆ ಧಾರಾವಾಹಿ ನಡೆಯುತ್ತಿತ್ತು, ಡಬ್ಬಿಯ ಆರು ದೀಪವೂ ಉರಿಯುತ್ತಿದ್ದವು. ಸೋಫಾದಲ್ಲಿ ಯಾರೂ ಇರಲಿಲ್ಲ. ಕುರ್ಚಿಯಲ್ಲಂತೂ ಇಲ್ಲವೇ ಇಲ್ಲ.

“ಅತ್ತೇ?”

“ಇಲ್ಲೇ ಇದೀನಿ, ಬಾ.”

ಅತ್ತೆ ಒಳಕೋಣೆಯ ಮಂಚದ ಮೇಲೆ ಎರಡು ದಿಂಬಿಗೆ ಒರಗಿ ಕೂತಿದ್ದರು. ಕೈಯಲ್ಲಿ ಫೋನು, ಕಿವಿಯಲ್ಲಿ ಮೊಮ್ಮಗಳ ಇಯರ್‌ಫೋನು.

“ನೀವೂನಾ?”

ಅತ್ತೆ ಒಂದು ಕಿವಿಯದನ್ನು ಕಿತ್ತರು. “ಏನ್ ಮಾಡ್ಲಿ? ಆ ಹುಡುಗಿ ದಿನಾ ಆರು ಸಲ ಬಂದು, ಅಜ್ಜೀ ಇನ್ನೂ ಕಾಯ್ತಾ ಕೂತಿದ್ದೀರಾ ಅಂತ ಕೇಳ್ತಾಳೆ. ಎಷ್ಟು ದಿನ ಅಂತ ಕಿವಿ ಮೇಲೆ ಹಾಕ್ಕೊಳ್ದೆ ಇರೋದು? ನಾಚಿಕೆ ಆಯ್ತು, ಹಾಕಿಸ್ಕೊಂಡೆ. ಚೆನ್ನಾಗಿದೆ ಕಣೇ! ನಿಮ್ಮ ಟಿವೀಲಿ ನಾಡಿದ್ದು ಬರೋದನ್ನ ಇವತ್ತೇ ನೋಡಿ ಮುಗಿಸಿದೆ. ಆ ಸೊಸೆ ಸಿಕ್ಕಿಬೀಳ್ತಾಳೆ, ಹೇಳ್ಲಾ?”

“ಬೇಡ. ಮತ್ತೆ ಟಿವಿ ಯಾಕೆ ಹಾಕಿದ್ದೀರಿ?”

“ನಿನಗೋಸ್ಕರ. ನಾವು ಒತ್ತದಿದ್ರೆ ನಿನ್ನ ಕೆಲಸಕ್ಕೆ ತೊಂದರೆ ಆಗುತ್ತಂತೆ, ಮೊಮ್ಮಗ ಹೇಳಿದ. ಅದಕ್ಕೇ ಸಮಯಕ್ಕೆ ಸರಿಯಾಗಿ ಒತ್ತಿ ಬರ್ತೀನಿ.” ದನಿ ತಗ್ಗಿಸಿದರು. “ಅವರಿಗೂ ಹೊತ್ತು ಹೋಗಬೇಕಲ್ಲ.”

ನನ್ನ ಜೀವಮಾನದ ಅತ್ಯಂತ ಯಶಸ್ವಿ ಜಾಹೀರಾತು ಅದು. ಊರಿನಲ್ಲಿ ಉಳಿದಿದ್ದ ಒಬ್ಬ ನಿಜವಾದ ವೀಕ್ಷಕಿಯನ್ನೂ ಅದು ಟಿವಿಯಿಂದ ಎಬ್ಬಿಸಿತ್ತು. ಎಬ್ಬಿಸಿದ್ದು ನಾನು. ಅತ್ತೆಯ ಮೇಲೆ ಸಿಟ್ಟು ಬರಬೇಕಿತ್ತು, ಬಂದದ್ದು ಅಳು.

“ನಾನು ಸ್ವಲ್ಪ ಹೊತ್ತು ಹೊರಗೆ ಕೂತ್ಕೋತೀನಿ, ಅತ್ತೆ.”

“ಕೂತ್ಕೋ. ಹೋಗುವಾಗ ಎಲ್ಲರನ್ನೂ ಆರಿಸಿ ಹೋಗು.” ಇಯರ್‌ಫೋನು ಮತ್ತೆ ಕಿವಿಗೆ ಹೋಯಿತು.

ಸೋಫಾದಲ್ಲಿ ಕೂತು ಧಾರಾವಾಹಿ ಪೂರ್ತಿ ನೋಡಿದೆ. ಆ ಹುಡುಗಿ ಬಂದು ಅಜ್ಜಿಯನ್ನು ಕೇಳುವಾಗಲೂ ಏಳಲಿಲ್ಲ. ಮುಗಿದ ಮೇಲೆ ರಿಮೋಟ್ ಎತ್ತಿಕೊಂಡೆ. ಆರು ಒತ್ತಿದೆ, ಐದು, ನಾಲ್ಕು, ಮೂರು, ಎರಡು. ಒಂದರ ಮೇಲೆ ಬೆರಳಿಟ್ಟೆ. ಮರದ ಕುರ್ಚಿ ನೋಡಿದೆ. ಕೈ ಬರಲಿಲ್ಲ. ಟಿವಿಯ ದನಿ ಸ್ವಲ್ಪ ತಗ್ಗಿಸಿ, ಹಾಗೇ ಬಿಟ್ಟು ಬಾಗಿಲೆಳೆದುಕೊಂಡು ಬಂದೆ.

ಮುಂದಿನ ಸೋಮವಾರ ಆ್ಯಪ್‌ನ ಮೇಡಂ ಬಂದರು. ಹೊಸ ಚಾರ್ಟು ಗೋಡೆಯ ಮೇಲೆ ಬಿತ್ತು. ಅದರಲ್ಲಿ ಒಂದು ದಿನ ಧಾರಾವಾಹಿ ಮುಗಿದು ಉಳಿದ ಗೆರೆಗಳೆಲ್ಲ ಇಳಿದಿದ್ದವು. ಎಪ್ಪತ್ತು ದಾಟಿದ ಗಂಡಸರದು ಮಾತ್ರ ಅಲುಗಾಡದೆ, ಹತ್ತು ಗಂಟೆಗೆ ಯಾರೋ ಟಿವಿ ಆರಿಸುವ ತನಕ, ವಾರ್ತೆ, ಹವಾಮಾನ, ಮಂಡಿನೋವಿನ ಮುಲಾಮು ಎಲ್ಲವನ್ನೂ ನೋಡುತ್ತಾ ಕೂತಿತ್ತು.

ಮೇಡಂ ಬೆರಗಾಗಿ ಒಂದು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದರು. ಪಕ್ಕದ ಟೇಬಲ್ಲಿನವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಉಸಿರು ಬಿಟ್ಟಳು. ಸಾಹೇಬರು ಎದ್ದು ಹೋಗಿ ಆ ಗೆರೆಯ ತುದಿಯನ್ನು ಪೆನ್ನಿನಿಂದ ತಟ್ಟಿದರು.

“ಟಿವಿ ಸತ್ತುಹೋಯ್ತು ಅಂತಾರೆ. ನೋಡಿ ಇಲ್ಲಿ! ಇವರೇ ನಮ್ಮ ಭವಿಷ್ಯ.”

ಇಷ್ಟು ವರ್ಷ ಅವರ ಭವಿಷ್ಯದ ಮಾತು ಒಂದೂ ನಿಜವಾಗಿರಲಿಲ್ಲ. ಆ ದಿನ ಮೊದಲ ಸಲ ನಾನು ಮನಸಾರೆ ತಲೆಯಾಡಿಸಿದೆ.