ಬಿಟ್ಟವರಿಗಷ್ಟೇ ಬರುವ ಮಾತು

ನಾಳೆ ಯಾದಗಿರಿಯ ದವಾಖಾನೆಗೆ ಬರುವುದಿಲ್ಲವೆಂದು ಶೇಖಮ್ಮ ಹೇಳಿದಾಗ ಬಾಲಮ್ಮ ಭತ್ತದ ಸಸಿಯ ಕಟ್ಟು ಬಿಚ್ಚುತ್ತಿದ್ದಳು.

"ಯಾಕ ಬರಂಗಿಲ್ಲ?"

"ಕಾಲುವಿ ನೀರು ಬಂದ್ ಮಾಡ್ತಾರಂತ. ಅದರೊಳಗ ನೆಲ್ಲು ಹಚ್ಚಿ ಮುಗಿಸಬೇಕಲ್ಲ?"

"ನೀ ಒಬ್ಬಾಕಿ ಇಲ್ಲಂದ್ರ ಹೊಲ ಬೀಳು ಬೀಳತೈತೇನು?"

ಶೇಖಮ್ಮ ಬಗ್ಗಿ ಸಸಿ ಊರತೊಡಗಿದಳು. ಗುಟ್ಕಾ ತಿಂದು ತಿಂದು ಅವಳ ಬಾಯಿ ಬಿಗಿದಿತ್ತು; ಎರಡು ಬೆರಳು ಹಿಡಿಸುವಷ್ಟೂ ತೆರೆಯುತ್ತಿರಲಿಲ್ಲ. ಹೀಗೇ ತಿಂದರೆ ಮುಂದೆ ಅನ್ನ ಹೋಗುವುದೂ ಕಷ್ಟ ಎಂದು ದವಾಖಾನೆಯ ಡಾಕ್ಟರಮ್ಮ ಹೇಳಿದ್ದಳು. ಮಳೆಗಾಲಕ್ಕೆ ಮೊದಲು ಬಾಲಮ್ಮನೇ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದಳು. ಅಂದಿನಿಂದ ಶೇಖಮ್ಮ ಗುಟ್ಕಾ ಬಿಟ್ಟಿದ್ದಳು. ಅವಳಿಗೆ ಜೊತೆಯಾಗಲೆಂದು ಬಾಲಮ್ಮನೂ ತನ್ನ ತಂಬಾಕನ್ನು ಒಲೆಗೆ ಹಾಕಿದ್ದಳು. ಆದರೆ ನಾಟಿ ಶುರುವಾಗಿ, ದಿನವಿಡೀ ನೀರಿನಲ್ಲಿ ಬಗ್ಗಿ ಸೊಂಟ ಹಿಡಿದುಕೊಂಡ ಮೇಲೆ, ಶೇಖಮ್ಮ ಮತ್ತೆ ಕದ್ದು ಹಾಕಿಕೊಳ್ಳತೊಡಗಿದ್ದಳು. ನಾಳೆ ದವಾಖಾನೆಯಲ್ಲಿ ಬಾಯಿ ತೆರೆದರೆ ಅದು ಬಾಲಮ್ಮನಿಗೂ ತಿಳಿಯುತ್ತಿತ್ತು.

ಕಾಲುವೆ ಬಂದ ಮೇಲೆ ವನದುರ್ಗದ ಕಡೆಯ ಜೋಳದ ಹೊಲಗಳು ಭತ್ತಕ್ಕೆ ತಿರುಗಿದ್ದವು. ನಾಟಿಯ ಹೆಂಗಸರು ಸಾಲಾಗಿ ಬಗ್ಗಿ, ಸಸಿ ಊರುತ್ತಾ, ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯುತ್ತಿದ್ದರು. ರವಿವಾರವಾದ್ದರಿಂದ ನೆರೆಮನೆಯ ರಾಬಿಯಾ ಕೂಡ ಕೂಲಿಗೆ ಬಂದಿದ್ದಳು. ಶಹಾಪುರದಲ್ಲಿ ಬಿ.ಎಡ್. ಓದುತ್ತಿದ್ದ ಅವಳು ಮರುದಿನ ಮಕ್ಕಳಿಗೆ ಒಂದು ಇಂಗ್ಲಿಷ್ ಕ್ರಿಯಾಪದ ಕಲಿಸಿ ತೋರಿಸಬೇಕಿತ್ತು. 'ಬ್ಯಾಕ್‌ಸ್ಲೈಡ್' ಎಂಬ ಆ ಪದವನ್ನು ಸಸಿ ಊರುತ್ತಲೇ ಹೇಳಿಕೊಳ್ಳುತ್ತಿದ್ದಳು.

"ಏನಬೇ ಅದು, ಜಪ ಮಾಡಾಕತ್ತಿಯೇನು?" ಬಾಲಮ್ಮ ಕೇಳಿದಳು.

"ಹಿಂದಕ್ಕ ಜಾರೋದು ಅಂತ, ಅತ್ತಿ."

"ಅದಕ್ಕ ಸಾಲಿ ಯಾಕ ಬೇಕು? ಮುಂಜಾನಿಂದ ನಾವು ಹಿಂದಕ್ಕ ಹೊಂಟೀವಿ. ಮ್ಯಾಲ ಕೂಲಿನೂ ಕೊಡ್ತಾರ."

ಸಾಲಿಗೆ ಸಾಲೇ ನಕ್ಕಿತು.

"ಇದು ಕಾಲಿನ ಮಾತಲ್ಲ ಅತ್ತಿ," ರಾಬಿಯಾ ಅಂದಳು. "ಕೆಟ್ಟ ಚಟ ಬಿಟ್ಟು ಸುಧಾರ್ಸಿದವರು ಮತ್ತ ಅದಕ್ಕ ಹೊಳ್ಳಿದ್ರ ಹಿಂಗಂತಾರ. ಬಿಟ್ಟವರಿಗಷ್ಟ ಈ ಮಾತು. ಎಂದೂ ಬಿಡದವರಿಗೆ ಹಚ್ಚಾಕ ಬರಂಗಿಲ್ಲ."

"ಹಂಗಾದ್ರ ನನ್ನ ಗಂಡ ಪಾರಾದ. ಶೆರೆ ಕುಡಿಯೋದು ಎಂದ ಬಿಟ್ಟಾನವ, ಹೊಳ್ಳಿ ಹಿಡಿಯಾಕ?" ಬಾಲಮ್ಮ ಅಂದಳು.

ಶೇಖಮ್ಮ ನಗಲಿಲ್ಲ. ತಲೆ ಎತ್ತದೆ ಕೇಳಿದಳು: "ರಾಬಿ, ಬಿಟ್ಟಾಕಿ ಹೊಳ್ಳಿದ್ಲು ಅಂದ್ರ, ಆಕಿ ಮೊದಲು ಬಿಟ್ಟಿದ್ದು ಲೆಕ್ಕಕ್ಕ ಇಲ್ಲೇನು?"

ರಾಬಿಯಾ ಬೆನ್ನು ನೆಟ್ಟಗೆ ಮಾಡಿ ಯೋಚಿಸಿದಳು. "ಐತಿ ಅತ್ತಿ. ಬಿಟ್ಟಿದ್ದಿಲ್ಲಂದ್ರ ಈ ಮಾತ ಆಕಿಗೆ ಹತ್ತತಿದ್ದಿಲ್ಲ."

ಮಧ್ಯಾಹ್ನ ಒಡ್ಡಿನ ಮೇಲೆ ಬುತ್ತಿ ಬಿಚ್ಚಿದರು. ಬಾಲಮ್ಮ ಕೊಟ್ಟ ಕೆಂಪು ಖಾರವನ್ನು ಶೇಖಮ್ಮ ಮುಟ್ಟಲಿಲ್ಲ. ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ, ಚೂರು ಮಾಡಿ, ತುಟಿಯ ಮೂಲೆಯಿಂದ ತೂರಿಸುತ್ತಿದ್ದಳು. ಗುಟ್ಕಾ ಬಿಟ್ಟು ಬಾಯಿಯ ಉರಿ ಇಳಿದಿದ್ದಾಗ, ಹೋದ ತಿಂಗಳು, ಇದೇ ಖಾರವನ್ನು ಕೇಳಿ ಹಾಕಿಸಿಕೊಂಡವಳು. ಬಾಲಮ್ಮ ತನ್ನ ತುತ್ತನ್ನು ಕೆಳಗಿಟ್ಟಳು.

"ಬಾಯಿ ತೆಗಿ."

"ಉಣ್ಣಾಕ ಬಿಡಬೇ."

"ತೆಗಿ ಅಂದೆ."

ಶೇಖಮ್ಮ ತೆರೆಯಲಿಲ್ಲ. ಸೊಂಟದ ಸಂಚಿಯಿಂದ ಗುಟ್ಕಾ ಪಾಕೀಟು ತೆಗೆದು ಒಡ್ಡಿನ ಮೇಲಿಟ್ಟಳು.

"ಸೊಂಟ ಹಿಡೀತು, ಒಂದು ಹಾಕ್ಕೊಂಡೆ. ಮತ್ತ ತಡೀಲಿಲ್ಲ. ನೀ ನನ್ನ ಸಲುವಾಗಿ ತಂಬಾಕ ಸುಟ್ಟಾಕಿ. ನಿನಗ ಹೆಂಗ ಹೇಳ್ಲಿ?"

ಬಾಲಮ್ಮ ಪಾಕೀಟಿನ ಕಡೆ ನೋಡಿ ತನ್ನ ಸೊಂಟ ಒತ್ತಿಕೊಂಡಳು.

"ಸೊಂಟ ನಿನಗೊಬ್ಬಾಕಿಗೆ ಕೊಟ್ಟಾನೇನು ದೇವರು?" ಅಂದಳು. "ತಗಿ ಅದನ್ನ. ಆ ವಾಸನಿಗೆ ನನ್ನ ಬಾಯಾಗೂ ನೀರು ಬರಾಕತ್ತಾವ."

ಶೇಖಮ್ಮ ಪಾಕೀಟನ್ನು ನಾಟಿಯಾದ ಕಡೆ ಎಸೆಯಲು ಕೈ ಎತ್ತಿದಳು.

"ಅಲ್ಲಿ ಒಗೀಬ್ಯಾಡ, ಸಾವುಕಾರನ ನೆಲ್ಲಿಗೆ ಚಟ ಹತ್ತೀತು."

ರಾಬಿಯಾ ನಕ್ಕಳು. ಶೇಖಮ್ಮನಿಗೂ ನಗು ಬಂತು. ಬಾಯಿ ಬಿಗಿದಿದ್ದರಿಂದ ಅದು ಮೂಗಿನಿಂದ ಹೊರಬಿತ್ತು. ಪಾಕೀಟು ಹರಿದು, ಒಡ್ಡಿನ ಮಣ್ಣು ಕೆದರಿ ಮುಚ್ಚಿದಳು.

"ಏಳರ ಬಸ್ಸಿಗೆ ಬಾ," ಬಾಲಮ್ಮ ಅಂದಳು. "ಡಾಕ್ಟರಮ್ಮಗ ನೀನ ಹೇಳಬೇಕು. ನಾ ಹೇಳಂಗಿಲ್ಲ."

"ಬೈತಾಳಬೇ ಆಕಿ."

"ಬೈಲಿ. ನಾನೂ ಬಾಜೂಕ ಕುಂದರ್ತೀನಿ."

ಶೇಖಮ್ಮ ಉಳಿದ ರೊಟ್ಟಿಯನ್ನು ಮಜ್ಜಿಗೆಗೆ ಹಾಕಿದಳು. ಅದು ಮೆತ್ತಗಾಗುವವರೆಗೆ ಕಾದಳು.

"ಏಳರ ಬಸ್ಸು ತುಂಬಿರತೈತಿ," ಅಂದಳು. "ಆರೂವರಿದಕ್ಕ ಹೋಗೂಣು."