ಒಂದು ಲೋಟ ಕಬ್ಬಿನ ಹಾಲು

ಮಲೇಷ್ಯಾದಲ್ಲಿ ನಾವಿರುವ ಸುಬಾಂಗ್ ಜಯಾದ ಕಾಲೇಜಿನಲ್ಲಿ ರಕ್ತದಾನ ಶಿಬಿರ. ನನ್ನ ಮಗಳು ನವ್ಯಾ ಮೊದಲ ಸಲ ರಕ್ತ ಕೊಡುವವಳಿದ್ದಳು. ಸೂಜಿ ಕಂಡರೆ ಮಾರು ದೂರ ಓಡುವ ನಾನು, ಅವಳಿಗೆ ಧೈರ್ಯ ಹೇಳಲು ಹೋಗಿದ್ದೆ!

ಶಿಬಿರದ ಡಾಕ್ಟರು ಸುಮಂತ, ಮಣಿಪಾಲದವರು. ನವ್ಯಾ ಹುಟ್ಟಿದ್ದು ಬ್ರೆಜಿಲ್‌ನಲ್ಲಿ ಎಂದು ಕೇಳಿದ ಕೂಡಲೇ ತಡೆದರು.

"ಅಲ್ಲಿ ಚಾಗಸ್ ಅಂತ ಒಂದು ಕಾಯಿಲೆ ಉಂಟು. ತಿಗಣೆ ಜಾತಿಯ ಹುಳದಿಂದ ಬರುದು. ವರ್ಷಗಟ್ಟಲೆ ರಕ್ತದಲ್ಲಿ ಸುಮ್ನೆ ಕೂತು, ಆಮೇಲೆ ಹೃದಯಕ್ಕೇ ಕೈಹಾಕ್ತದೆ. ತಾಯಿಯಿಂದ ಮಗುವಿಗೂ ಬರ್ತದೆ. ಟೆಸ್ಟ್ ಮಾಡದೆ ತಗೊಳ್ಳುವ ಹಾಗಿಲ್ಲ."

ನನಗೆ ಮೈಯೆಲ್ಲ ಉರಿಯಿತು. "ನಾವು ಮೈಸೂರಿನವರು ಡಾಕ್ಟ್ರೇ. ನಮ್ಮೆಜಮಾನ್ರ ಕೆಲಸಕ್ಕೆ ಅಂತ ಅಲ್ಲಿದ್ವಿ, ಅಷ್ಟೆ. ಒಂದು ದಿನಾನೂ ಹೊರಗಿನ ಊಟ ಮುಟ್ಟಿಲ್ಲ. ಇವಳು ಹೊಟ್ಟೇಲಿದ್ದಾಗ ರಸ್ತೆಬದಿ ಕಬ್ಬಿನ ಹಾಲು ಮಾತ್ರ ಕುಡೀತಿದ್ದೆ. ಅದೂ ನನ್ನ ಕಣ್ಮುಂದೇನೇ ಹಿಂಡಿಸಿ!"

"ಕಬ್ಬಿನ ಮಧ್ಯೆ ಆ ಹುಳ ಇದ್ರೆ ಅದೂ ಒಟ್ಟಿಗೇ ಅರೆದುಹೋಗ್ತದೆ ಅಕ್ಕ. ಹಾಗೆ ಬಂದದ್ದೂ ಉಂಟು," ಎಂದರು ಅವರು ಮೆಲ್ಲಗೆ.

ನನ್ನ ಮಡಿಯ ಜಂಬ ಜರ್ರನೆ ಇಳಿಯಿತು. ಬಸುರಿಯ ಬಯಕೆಯೆಂದು ದಿನಾ ಕುಡಿದಿದ್ದೆನಲ್ಲ! ಇಬ್ಬರ ರಕ್ತವೂ ಪರೀಕ್ಷೆಗೆ ಹೋಯಿತು. ಸೂಜಿ ಚುಚ್ಚಿದ್ದು ನನಗೆ ಗೊತ್ತೇ ಆಗಲಿಲ್ಲ.

ಫಲಿತಾಂಶ ಬರುವವರೆಗೆ ನಾನು ನಾನಾಗಿರಲಿಲ್ಲ. ಮಗಳು ಮೆಟ್ಟಿಲು ಹತ್ತಿ ಏದುಸಿರು ಬಿಟ್ಟರೆ ಓಡಿಹೋಗಿ ಅವಳ ನಾಡಿ ಹಿಡಿದು ನೋಡುತ್ತಿದ್ದೆ. "ಅಮ್ಮಾ, ಐ ಆಮ್ ಫೈನ್ ಲಾ," ಎನ್ನುವಳು, ಇಲ್ಲಿಯವರ ಧಾಟಿಯಲ್ಲೇ. ಹುಟ್ಟುವ ಮೊದಲೇ ಇವಳಿಗೆ ನನ್ನ ಕೈಯಾರೆ ವಿಷವಿಕ್ಕಿದೆನೇ ಎಂದು ದೇವರ ಮುಂದೆ ಕೂತು ಅತ್ತೆ. ಅಷ್ಟು ಭಯ ನಾನು ಎಂದೂ ಪಟ್ಟಿರಲಿಲ್ಲ.

ಕೊನೆಗೊಮ್ಮೆ ಡಾಕ್ಟರ ಫೋನು ಬಂತು. "ಇಬ್ಬರಿಗೂ ಎಂತದೂ ಇಲ್ಲ ಮಾರಾಯ್ರೆ. ಮಗಳನ್ನು ಆಸ್ಪತ್ರೆಗೆ ಕರ್ಕೊಂಡು ಬನ್ನಿ, ರಕ್ತ ಕೊಡ್ಲಿ."

ನವ್ಯಾ ನಗುನಗುತ್ತ ಮಲಗಿ ಕೈಚಾಚಿದಳು. ಪಕ್ಕದ ಮಂಚ ಖಾಲಿಯಿತ್ತು. ನಾನೂ ತೋಳು ಮೇಲೇರಿಸಿ ಮಲಗಿದೆ.

"ಅಮ್ಮಾ! ಯು ಹೇಟ್ ನೀಡಲ್ಸ್!"

"ಇಷ್ಟು ಒಳ್ಳೇ ರಕ್ತ ಅಂತ ಗೊತ್ತಾದ್ಮೇಲೂ ಬಚ್ಚಿಟ್ಕೊಳ್ಳೋಕಾಗುತ್ತೇನೇ?"

ಹೊರಗೆ ಬಂದರೆ ಎದುರಿಗೇ ಕಬ್ಬಿನ ಹಾಲಿನ ಗಾಡಿ. ಮಗಳು ನನ್ನ ಮುಖ ನೋಡಿದಳು. ಎರಡು ಲೋಟ ಹೇಳಿದೆ. ಇಲ್ಲಿ ಆ ಕಾಯಿಲೆ ಇಲ್ಲವೆಂದು ಡಾಕ್ಟರು ಸಾರಿಸಾರಿ ಹೇಳಿದ್ದರು. ಆದರೂ ಒಂದೊಂದೇ ಜಲ್ಲೆಯನ್ನು ತಿರುತಿರುಗಿಸಿ ನೋಡಿದ ಮೇಲೆಯೇ ಗಾಡಿಯವನಿಗೆ ಹಿಂಡಲು ಬಿಟ್ಟೆ.