ಮೈಕಿನ ಮುಂದಿನ ಪ್ರಾರ್ಥನೆ

“ಕರ್ತನೇ, ಕುಡುಕ ಟ್ಯಾಕೆಟ್‌ನ ಮಗ ಲೈಲ್ ಇವತ್ತು ಇಲ್ಲಿ ಬಂದು ಕೂತಿದ್ದಾನೆ. ಅಪ್ಪನ ಹಾಗೇ ಒರಟ, ಅಪ್ಪನ ಹಾಗೇ ಹೊಲಸು ಬಾಯಿ. ಇವನನ್ನು ಕ್ಷಮಿಸು ತಂದೆಯೇ.”

ಬ್ರದರ್ ಹಾರ್ಲನ್ ಇದನ್ನು ಹೇಳಿದ್ದು ಮೈಕಿನಲ್ಲಿ, ಕೌಂಟಿ ಆಡಳಿತದ ಸಭೆಗೆ ಮುಂಚಿನ ಪ್ರಾರ್ಥನೆಯಲ್ಲಿ, ಊರಿನ ಅರ್ಧ ಜನರ ಮುಂದೆ. ಕೆಂಟಕಿಯ ನಮ್ಮ ಬೆಟ್ಟಗಳಲ್ಲಿ ಪಾಸ್ಟರ್ ಕಣ್ಣು ಮುಚ್ಚಿ ಬೈದರೆ ಅದು ಬೈಗುಳವಲ್ಲ. ಎದುರಾಡಿದರೆ ದೇವರಿಗೇ ಎದುರಾಡಿದ ಹಾಗೆ. ಎಲ್ಲರೂ ತಲೆ ತಗ್ಗಿಸಿದ್ದರು. ಆ ಲೈಲ್, ಅಂದರೆ ನಾನು, ಹಲ್ಲು ಕಚ್ಚಿಕೊಂಡು ಅವನ ಮುಖವನ್ನೇ ದಿಟ್ಟಿಸುತ್ತಿದ್ದೆ.

ಬಂದದ್ದು ಅಕ್ಕ ರೆಂಡಾಗೋಸ್ಕರ. ಮಾತ್ರೆಗಳ ಚಟಕ್ಕೆ ಬಿದ್ದು ಸಾಯಬೇಕಿದ್ದವಳು, ಹಳೇ ಶಾಲೆಯ ಕಟ್ಟಡದಲ್ಲಿ ನಡೆಯುವ ಚಟ ಬಿಡಿಸುವ ಮನೆಯಲ್ಲಿ ಬದುಕಿಕೊಂಡಿದ್ದಳು. ನಾನು ಅರ್ಧಕ್ಕೆ ಬಿಟ್ಟ ಶಾಲೆ ಅದು. ಕಟ್ಟಡ ಕೌಂಟಿಯದು. ಅದನ್ನು ತನ್ನ ಚರ್ಚಿಗೆ ಬಿಟ್ಟುಕೊಡಿ ಎಂದು ಹಾರ್ಲನ್ ಕೇಳಿದ್ದ. ಅವನ ಕೈಗೆ ಹೋದರೆ ಔಷಧಿ ಬಂದ್, ಬರೀ ಬೈಬಲ್. ರೆಂಡಾ ಮತ್ತೆ ಬೀದಿಗೆ. ಕೌಂಟಿ ಸದಸ್ಯರು ಎರಡೂ ಕಡೆ ಸಮ ಇದ್ದರು. ಬಾಕಿ ಇದ್ದದ್ದು ಅಧ್ಯಕ್ಷೆ ಮಿಸ್ ವರ್ನಾಳ ವೋಟು.

ಮಾತಾಡುವ ನನ್ನ ಸರದಿ ಬಂತು. ನಾನು ಬಾಯಿ ತೆರೆಯುವ ಮೊದಲೇ ಆಕೆ ಕೇಳಿದಳು: “ಪ್ರಾರ್ಥನೆ ಹೊತ್ನಲ್ಲಿ ಕಣ್ ಬಿಟ್ಕೊಂಡಿದ್ಯಲ್ಲೋ ಲೈಲ್?”

“ನಿಮಗ್ ಹೆಂಗ್ ಕಾಣಿಸ್ತು, ಮಿಸ್ ವರ್ನಾ?”

ಹಿಂದಿನ ಬೆಂಚುಗಳು ಹೋ ಎಂದು ನಕ್ಕವು. ಆಕೆಯ ಕೆನ್ನೆ ಕೆಂಪೇರಿತು. ಪಕ್ಕದಲ್ಲಿ ಕೂತಿದ್ದ ರೆಂಡಾ ಹಣೆ ಚಚ್ಚಿಕೊಂಡಳು. ಹಾಳು ನಾಲಿಗೆ! ಒಂದು ಜೋಕಿಗೆ ಅಕ್ಕನ ಜಾಗವನ್ನೇ ಕಳೆದೆ ಅನಿಸಿತು.

“ಬಲು ಬುದ್ಧಿವಂತ ನೀನು,” ಎಂದಳು ವರ್ನಾ. “ಆ ಮನೇಲಿ ದೇವ್ರೇ ಇಲ್ಲ ಅಂತಾರೆ ಜನ. ನಾಳೆ ನಾನು ಅವ್ರಿಗೆ ಮುಖ ತೋರಿಸ್ಬೇಕು. ನೀನೇ ಒಂದು ಪ್ರಾರ್ಥನೆ ಮಾಡು, ಕೇಳಿ ವೋಟ್ ಹಾಕ್ತೀನಿ.”

“ಇದೇನು ಕೌಂಟಿ ಸಭೆನಾ, ಚರ್ಚಾ?”

“ಮಾಡ್ತೀಯೋ ಇಲ್ವೋ?”

ಹಾರ್ಲನ್‌ಗೆ ಅವನ ಧಾಟಿಯಲ್ಲೇ ಬಾರಿಸಬಹುದಿತ್ತು. ಕರ್ತನೇ, ಕಂಡವರ ಕಟ್ಟಡಕ್ಕೆ ಬಾಯಿ ಬಿಡುವ ಈ ಬೊಜ್ಜು ಮನುಷ್ಯನನ್ನು... ನಾಲಿಗೆ ತುದಿಗೆ ಬಂದಿತ್ತು ಕೂಡ. ಆದರೆ ರೆಂಡಾ ಆಗಲೇ ಕೈ ಜೋಡಿಸಿ ತಲೆ ತಗ್ಗಿಸಿದ್ದಳು. ಕಣ್ಣು ಮುಚ್ಚಿದೆ.

“ದೇವ್ರೇ, ನಮ್ಮಕ್ಕ ಬದುಕ್ಲಿ. ಅವಳನ್ನ ಅಲ್ಲಿಂದ ಎಬ್ಬಿಸ್ಬೇಡ. ಆಮೆನ್.”

ಸಭೆಯೆಲ್ಲ ಆಮೆನ್ ಎಂದಿತು. ವರ್ನಾಳ ಕೈ ನಮ್ಮ ಕಡೆಗೆ ಎದ್ದಿತು. ಮನೆ ಉಳಿಯಿತು.

ರೆಂಡಾ ಅಳುತ್ತ ತಬ್ಬಿಕೊಂಡಳು. ನನಗೆ ಮೈಯೆಲ್ಲ ಉರಿ. ಚಾವಣಿ ಕೆಲಸಕ್ಕೆ ಹೋದಾಗ, ಜಾರುವ ತಗಡಿನ ಮೇಲೆ, ಯಾರಿಗೂ ಕೇಳಿಸದ ಹಾಗೆ ನಾನು ದಿನಾ ಬೇಡಿಕೊಳ್ಳುತ್ತಿದ್ದದ್ದೂ ಇದೇ ಮಾತು. ಅದನ್ನೇ ಈಗ ಒಂದು ವೋಟಿಗೆ ಮಾರಿಕೊಂಡಿದ್ದೆ. ಇನ್ನು ಮೇಲೆ ಆ ತಗಡಿನ ಮೇಲೆ ನಿಂತು ಏನು ಹೇಳಲಿ?

ಬಾಗಿಲ ಬಳಿ ಹಾರ್ಲನ್ ನಾಲ್ಕು ಜನಕ್ಕೆ ಕಾಣುವಂತೆ ನನ್ನ ಹೆಗಲ ಮೇಲೆ ಕೈ ಹಾಕಿದ.

“ಎಷ್ಟ್ ಚೆನ್ನಾಗಿ ಮಾಡ್ತೀಯಲ್ಲೋ ಮಗಾ! ಭಾನುವಾರ ಬಂದು ನಮ್ಮ ಚರ್ಚಲ್ಲೂ ಒಂದ್ಸಲ ಮಾಡ್ಬಿಡು. ಬರ್ತೀಯಲ್ವಾ?”

ನಿಂತವರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಅವನ ಕೈಯನ್ನು ಕೊಡವಿ ಹಾಕಿ, ರೆಂಡಾಳನ್ನು ಕರೆದುಕೊಂಡು ಮೆಟ್ಟಿಲಿಳಿದೆ.